ಮಗಳ 100 ಮೀಟರ್ ಟೈಮಿಂಗ್ ನಿಂತಲ್ಲೇ ನಿಂತಿದೆ, ಜಿಮ್‌ಗೆ ಕಳಿಸಬೇಕಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ, ಊರು ಮೂಡುಬಿದಿರೆ ಹತ್ತಿರ. ಮಗಳಿಗೆ 16 ವರ್ಷ, ಹನ್ನೊಂದನೇ ಕ್ಲಾಸು. 100 ಮತ್ತು 200 ಮೀಟರ್ ಓಡುತ್ತಾಳೆ. 14ನೇ ವಯಸ್ಸಿನಲ್ಲಿ 100 ಮೀಟರ್ 13.2 ಸೆಕೆಂಡಿಗೆ ಓಡಿದ್ದಳು, ಈಗಲೂ ಅದೇ 13.2. ವಾರಕ್ಕೆ ಆರು ದಿನ ಬೆಳಿಗ್ಗೆ ಪ್ರಾಕ್ಟೀಸು. ಮೊದಲು ಮೈದಾನದ ಸುತ್ತ ಹತ್ತು ರೌಂಡ್, ಆಮೇಲೆ 200 ಮೀಟರ್ ಹತ್ತು ಸಲ. ಜಿಮ್‌ಗೆ ಹಾಕೋಣ ಅಂದರೆ ನನ್ನ ಅಮ್ಮ ಬೇಡ ಅನ್ನುತ್ತಾರೆ. ಎತ್ತರ ನಿಲ್ಲುತ್ತೆ, ಮೈ ಗಂಡಸರ ಥರ ಆಗುತ್ತೆ ಅಂತ ಅವರ ಭಯ. ನಮ್ಮೂರ ಕಂಬಳದ ಓಟಗಾರರು ಯಾವ ಜಿಮ್‌ಗೆ ಹೋಗಿದ್ದರು ಅಂತ ಅಣ್ಣ ಕೇಳುತ್ತಾನೆ. ಈಗ ಮಳೆ ಬೇರೆ ಶುರುವಾಗಿದೆ, ಮೈದಾನದ ತುಂಬ ನೀರು. ಏನು ಮಾಡೋದು?

ಉತ್ತರ: ಜಿಮ್‌ಗೆ ಕಳಿಸಿ. ಆದರೆ ಅದು ಎರಡನೇ ಮಾತು. ನೀವು ಬರೆದ ವಾರದ ಲೆಕ್ಕ ನೋಡಿದರೆ ನಿಮ್ಮ ಮಗಳು ಆರು ದಿನ ಮೈದಾನಕ್ಕೆ ಹೋದರೂ ಒಂದು ದಿನವೂ ಪೂರ್ತಿ ವೇಗದಲ್ಲಿ ಓಡುತ್ತಿಲ್ಲ. ಸುಸ್ತಾಗಿ ಓಡುತ್ತಿದ್ದಾಳೆ. ಸುಸ್ತಾದ ಕಾಲಿಗೆ ವೇಗ ಕಲಿಸೋಕೆ ಆಗಲ್ಲ. ಇದೊಂದು ವಿಷಯ ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ಸುಲಭ.

ಅದಕ್ಕೂ ಮೊದಲು ಒಂದು ಖಚಿತ ಮಾಡಿಕೊಳ್ಳಿ. ಎರಡು ವರ್ಷದ ಹಿಂದಿನ 13.2 ಯಾವ ಗಡಿಯಾರದ್ದು, ಈಗಿನ 13.2 ಯಾವುದರದ್ದು? ಶಾಲೆಯ ಮೀಟ್‌ಗಳಲ್ಲಿ ಸಾಮಾನ್ಯವಾಗಿ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಗುಂಡಿನ ಸದ್ದು ಕೇಳಿ ಗುಂಡಿ ಒತ್ತುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ, ಹಾಗಾಗಿ ಸ್ಟಾಪ್‌ವಾಚಿನ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. 100 ಮೀಟರಿಗೆ ಈ ವ್ಯತ್ಯಾಸವನ್ನು 0.24 ಸೆಕೆಂಡ್ ಅಂತ ಹಿಡಿಯುತ್ತಾರೆ. ಅಂದರೆ ಸ್ಟಾಪ್‌ವಾಚಿನ 13.2 ಎಲೆಕ್ಟ್ರಾನಿಕ್ ಲೆಕ್ಕದಲ್ಲಿ 13.44. ಈಗಿನದ್ದು ಪುಣೆಯ ಬಾಳೇವಾಡಿ ಕ್ರೀಡಾಂಗಣದಂಥ ಕಡೆ ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ ಬಂದಿದ್ದರೆ ಮಗಳು ನಿಂತಿಲ್ಲ, ಕಾಲು ಸೆಕೆಂಡಿನಷ್ಟು ಮುಂದೆ ಬಂದಿದ್ದಾಳೆ. ಎಷ್ಟೋ ಮಕ್ಕಳು ಈ ಗೊಂದಲದಲ್ಲೇ ಬೇಸರ ಮಾಡಿಕೊಂಡು ಓಟ ಬಿಡುತ್ತಾರೆ, ಅದು ನನಗೆ ತುಂಬ ಸಂಕಟದ ವಿಷಯ. ಎರಡೂ ಒಂದೇ ಥರದ ಗಡಿಯಾರ ಅಂತಾದರೆ ಮುಂದೆ ಓದಿ.

ಪೂರ್ತಿ ಜೋರಿನಲ್ಲಿ ಓಡುವಾಗ ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಇಂಧನ ಖರ್ಚಾಗುತ್ತದೆ. ಕ್ರಿಯಾಟಿನ್ ಫಾಸ್ಫೇಟ್ ಅಂತ ಅದರ ಹೆಸರು. ಪೂರ್ತಿ ಜೋರಿನಲ್ಲಿ ಅದು ಬಾಳುವುದು ಆರರಿಂದ ಹತ್ತು ಸೆಕೆಂಡ್ ಅಷ್ಟೆ. ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಈಗ 200 ಮೀಟರ್ ಹತ್ತು ಸಲ, ಮಧ್ಯೆ ಒಂದೋ ಎರಡೋ ನಿಮಿಷದ ಬಿಡುವು ಅಂದರೆ ಏನಾಗುತ್ತದೆ ಯೋಚಿಸಿ. ಮೊದಲನೆಯದು ಜೋರು, ಎರಡನೆಯದು ಪರವಾಗಿಲ್ಲ, ಮೂರನೆಯದರಿಂದ ಹುಡುಗಿ ಬದುಕುಳಿಯೋಕೆ ಓಡುತ್ತಾಳೆ. ಅದಕ್ಕೂ ಮುಂಚೆ ಹತ್ತು ರೌಂಡ್ ಬೇರೆ ಆಗಿದೆ. ಉಸಿರು ಗಟ್ಟಿಯಾಗುತ್ತದೆ, ಮನಸ್ಸೂ ಗಟ್ಟಿಯಾಗುತ್ತದೆ, ಅದು ಸುಳ್ಳಲ್ಲ. ಆದರೆ ನರಗಳು ಆ ನಿಧಾನದ ಓಟವನ್ನೇ ಅಭ್ಯಾಸ ಮಾಡಿಕೊಳ್ಳುತ್ತವೆ.

ವೇಗದ ತರಬೇತಿ ನೋಡಿದರೆ ನಿಮಗೆ ಮೊದಲ ದಿನ ನಿರಾಸೆಯಾಗಬಹುದು. ಇಷ್ಟೇನಾ ಅಂತ ಕೇಳುತ್ತೀರಿ. ಇಪ್ಪತ್ತು ಇಪ್ಪತ್ತೈದು ನಿಮಿಷ ವಾರ್ಮ್ ಅಪ್: ನಿಧಾನ ಜಾಗಿಂಗ್, ಕಾಲು ಬೀಸೋದು, ಸ್ಕಿಪ್ಪಿಂಗ್ ಡ್ರಿಲ್, ಕೊನೆಗೆ ಎರಡು ಮೂರು ಸಲ ಮೆಲ್ಲಗೆ ವೇಗ ಏರಿಸುತ್ತ ಓಟ. ಆಮೇಲೆ ನಿಂತಲ್ಲಿಂದ 20 ಮೀಟರ್ ನಾಲ್ಕು ಸಲ, ನಡುವೆ ಎರಡೆರಡು ನಿಮಿಷ ಬಿಡುವು. 30 ಮೀಟರ್ ಮೂರು ಸಲ, ಮೂರು ಮೂರು ನಿಮಿಷ ಬಿಡುವು. ಹತ್ತು ಮೀಟರಿಗೆ ಒಂದು ನಿಮಿಷದ ವಿಶ್ರಾಂತಿ ಅಂತ ಒಂದು ಅಂದಾಜು ಲೆಕ್ಕ ಇದೆ, ಅದನ್ನು ಹಿಡಿದರೆ ಸಾಕು. ಕೊನೆಗೆ ಫ್ಲೈಯಿಂಗ್ ಓಟ ಎರಡು ಸಲ. ಅಂದರೆ 30 ಮೀಟರ್ ಓಡಿ ಬಂದು ವೇಗ ಹಿಡಿದ ಮೇಲೆ ಮುಂದಿನ 20 ಮೀಟರ್ ಪೂರ್ತಿ ಜೋರು. ಎಲ್ಲ ಸೇರಿ ಮುನ್ನೂರು ಮೀಟರ್ ಕೂಡ ಆಗಲ್ಲ, ಹೆಚ್ಚುಕಡಿಮೆ ಅರ್ಧ ಹೊತ್ತು ಅವಳು ಸುಮ್ನೆ ನಿಂತಿರುತ್ತಾಳೆ ಅಥವಾ ಅಡ್ಡಾಡುತ್ತಿರುತ್ತಾಳೆ. ಆ ನಿಲ್ಲುವುದೇ ತರಬೇತಿಯ ಭಾಗ.

ಪ್ರತಿ ಓಟವನ್ನೂ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಸಮಯ ನೋಡಿ. ಆ ದಿನದ ಒಳ್ಳೆಯ ಸಮಯಕ್ಕಿಂತ ನೂರಕ್ಕೆ ಎರಡು ಮೂರು ಪಾಲು ನಿಧಾನವಾದರೆ, ಅಂದರೆ 30 ಮೀಟರ್ 4.70ಕ್ಕೆ ಓಡುತ್ತಿದ್ದವಳು 4.82 ಓಡಿದರೆ, ಅವತ್ತಿಗೆ ಮುಗಿಯಿತು. ಇನ್ನೊಂದು ಒಳ್ಳೇದು ಬರಲಿ ಅಂತ ಓಡಿಸಬೇಡಿ. ಇಂಥ ದಿನ ವಾರಕ್ಕೆ ಎರಡು, ಜಾಸ್ತಿ ಅಂದರೆ ಮೂರು. ನಡುವೆ ಕನಿಷ್ಠ ಒಂದು ದಿನ ಹಗುರ.

ಇನ್ನು ಕೋಚ್ ವಿಷಯ. ದಯವಿಟ್ಟು ಈ ಉತ್ತರ ಹಿಡಿದುಕೊಂಡು ಅವರ ಹತ್ತಿರ ಜಗಳಕ್ಕೆ ಹೋಗಬೇಡಿ. ಮುಂಬೈಯ ಮೈದಾನಗಳಲ್ಲಿ ಒಬ್ಬರೇ ಕೋಚ್ ಮೂವತ್ತು ನಲವತ್ತು ಮಕ್ಕಳನ್ನು ನೋಡುತ್ತಾರೆ, ಕ್ರಿಕೆಟ್‌ನವರು ಬರುವ ಮೊದಲು ಜಾಗ ಬಿಡಬೇಕು, 800 ಓಡುವವರೂ 100 ಓಡುವವರೂ ಒಟ್ಟಿಗೆ ಇರುತ್ತಾರೆ. ಎಲ್ಲರನ್ನೂ ಒಟ್ಟಿಗೆ ಓಡಿಸೋದು ಅವರಿಗೆ ಇರುವ ದಾರಿ. ನೀವು ಕೇಳಬೇಕಾದ್ದು ಚಿಕ್ಕದು: ವಾರಕ್ಕೆ ಎರಡು ದಿನ ಇವಳು ವಾರ್ಮ್ ಅಪ್ ಆದ ಕೂಡಲೇ, ರೌಂಡ್‌ಗಿಂತ ಮೊದಲು, ಮೂಲೆಯಲ್ಲಿ ತನ್ನ ಸ್ಪ್ರಿಂಟ್ ಮುಗಿಸಿಕೊಳ್ಳಲಿ, ಅವತ್ತು 200ರ ಹತ್ತು ಸಲ ಬೇಡ. ಗೌರವದಿಂದ ಕೇಳಿದರೆ ಇಷ್ಟಕ್ಕೆ ಬೇಡ ಅನ್ನುವ ಕೋಚ್ ಕಡಿಮೆ.

ಈಗ ಬಲದ ಮಾತಿಗೆ ಬರೋಣ. "ಕಾಲು ಬೇಗ ಬೇಗ ಎತ್ತು" ಅಂತ ಬೌಂಡರಿಯಿಂದ ಕೂಗುತ್ತಾರಲ್ಲ, ಅದು ಅರ್ಧ ಸತ್ಯವೂ ಅಲ್ಲ. 2000ದಲ್ಲಿ ಅಮೆರಿಕದ ಪೀಟರ್ ವೇಯಾಂಡ್ ಮತ್ತು ಜೊತೆಗಾರರು ವೇಗದ ಓಟಗಾರರನ್ನೂ ನಿಧಾನದವರನ್ನೂ ಅಳೆದು ನೋಡಿದರು. ಪೂರ್ತಿ ವೇಗದಲ್ಲಿ ಓಡುವಾಗ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕಾಗಿತ್ತು. ವ್ಯತ್ಯಾಸ ಇದ್ದದ್ದು ನೆಲವನ್ನು ಒತ್ತುವ ಬಲದಲ್ಲಿ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಓಡಿದಾಗ ಇಟ್ಟದ್ದು 41 ಹೆಜ್ಜೆ. ಅವನ ಎತ್ತರ ಒಂದು ಕಾರಣ, ನಿಜ, ಆದರೆ ಪ್ರತಿ ಹೆಜ್ಜೆಯಲ್ಲೂ ಅಷ್ಟು ದೂರ ಮೈಯನ್ನು ತಳ್ಳುವ ಶಕ್ತಿ ಬೇಕಲ್ಲ. ಮುಂದಿನ ರೇಸಿನ ವಿಡಿಯೋದಲ್ಲಿ ಮಗಳ ಹೆಜ್ಜೆ ಎಣಿಸಿ ಬರೆದಿಡಿ. ಬಲ ಬಂದಂತೆ ಆ ಸಂಖ್ಯೆ ಮೆಲ್ಲಗೆ ಇಳಿಯಬೇಕು. ಬೇಕಂತಲೇ ಉದ್ದ ಹೆಜ್ಜೆ ಹಾಕಿಸಬೇಡಿ, ಪಾದ ಮೈಗಿಂತ ತುಂಬ ಮುಂದೆ ಬಿದ್ದರೆ ಅದೇ ಬ್ರೇಕ್ ಆಗುತ್ತದೆ.

ಹುಡುಗಿಯರಿಗೆ ಇದು ಹುಡುಗರಿಗಿಂತ ಜಾಸ್ತಿ ಮುಖ್ಯ. ಹನ್ನೆರಡು ಹದಿಮೂರರವರೆಗೆ ಹುಡುಗ ಹುಡುಗಿಯರ ವೇಗದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆಮೇಲೆ ಹುಡುಗರ ಮೈಯಲ್ಲಿ ಟೆಸ್ಟೊಸ್ಟೆರಾನ್ ಏರುತ್ತದೆ, ಏನೂ ಮಾಡದೆ ಇದ್ದರೂ ಸ್ನಾಯು ಬಲಿಯುತ್ತದೆ. ಹುಡುಗಿಯರಿಗೆ ತೂಕ ಏರುತ್ತದೆ, ಸೊಂಟ ಅಗಲವಾಗುತ್ತದೆ, ಆದರೆ ಅದಕ್ಕೆ ತಕ್ಕ ಬಲ ತಾನಾಗಿ ಬರುವುದಿಲ್ಲ. 14ರಲ್ಲಿ ಚೆನ್ನಾಗಿ ಓಡುತ್ತಿದ್ದವಳು 16ರಲ್ಲಿ ಅಲ್ಲೇ ನಿಲ್ಲುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಅವಳು ಸೋಮಾರಿ ಆಗಿಲ್ಲ, ಅವಳ ಪ್ರತಿಭೆ ಮುಗಿದೂ ಹೋಗಿಲ್ಲ. ಆ ಬಲವನ್ನು ನಾವು ಹೊರಗಿನಿಂದ ಕಟ್ಟಿಕೊಡಬೇಕು, ಅಷ್ಟೆ.

ನಿಮ್ಮ ಅಮ್ಮನಿಗೆ ಹೇಳಿ: ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಹನ್ನೆರಡರ ಆಸುಪಾಸು. 16ಕ್ಕೆ ಅದು ಬಹುಪಾಲು ಮುಗಿದಿರುತ್ತದೆ. ಚಿಕ್ಕ ಮಕ್ಕಳಿಗೂ ಸರಿಯಾದ ಮೇಲ್ವಿಚಾರಣೆಯಲ್ಲಿ ತೂಕದ ವ್ಯಾಯಾಮ ಮಾಡಿಸಿದರೆ ಬೆಳವಣಿಗೆಗೆ ತೊಂದರೆ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳಿದೆ. ಮೈ ಗಂಡಸರ ಥರ ಆಗುವುದಕ್ಕೆ ಬೇಕಾದ ಹಾರ್ಮೋನು ಅವಳಲ್ಲಿ ಆ ಪ್ರಮಾಣದಲ್ಲಿ ಇಲ್ಲವೇ ಇಲ್ಲ. ಅಮ್ಮನ ಕಾಲದಲ್ಲಿ ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ಹುಲ್ಲಿನ ಹೊರೆ ಹೊತ್ತು ತಂದವರು ಯಾರೂ ಕುಳ್ಳಾಗಲಿಲ್ಲ ಅಲ್ವಾ.

ಅಣ್ಣನ ಕಂಬಳದ ಪ್ರಶ್ನೆ ಒಳ್ಳೆಯ ಪ್ರಶ್ನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದನ್ನು ಭಾಗಿಸಿ 100 ಮೀಟರಿಗೆ 9.55 ಅಂತ ಹೇಳಿ ಬೋಲ್ಟ್ ಜೊತೆ ಹೋಲಿಸಿದರು. ಆ ಹೋಲಿಕೆ ಸರಿಯಲ್ಲ. ಅಲ್ಲಿ ಮುಂದೆ ಕೋಣಗಳು ಎಳೆಯುತ್ತಿರುತ್ತವೆ, ಓಟಗಾರ ಅವುಗಳ ಬಲವನ್ನೂ ಬಳಸುತ್ತಾನೆ. ಟ್ರ್ಯಾಕಿನ ತರಬೇತಿಯಲ್ಲೂ ಹಗ್ಗ ಕಟ್ಟಿ ಎಳೆದು ಓಟಗಾರರಿಗೆ ತಮ್ಮ ಮಿತಿ ದಾಟಿದ ವೇಗ ತೋರಿಸುವುದುಂಟು. ಹಾಗಂತ ಕಂಬಳದವರ ಸಾಮರ್ಥ್ಯ ಸಣ್ಣದಲ್ಲ. ಕೆಸರು ನೀರಿನ ಗದ್ದೆಯಲ್ಲಿ ಕೋಣಗಳ ವೇಗಕ್ಕೆ ಕಾಲು ಕೊಡುವುದು ಎಲ್ಲರಿಂದ ಆಗದು. ಆದರೆ ಅಣ್ಣ ಒಂದು ಮರೆತಿದ್ದಾರೆ. ಶ್ರೀನಿವಾಸ ಗೌಡರು ಕಟ್ಟಡದ ಕೆಲಸ ಮಾಡುತ್ತಿದ್ದವರು. ಅಂಥ ಕೆಲಸದಲ್ಲಿ ದಿನವಿಡೀ ಭಾರ ಹೊರಬೇಕು, ಎತ್ತಬೇಕು, ಏರಬೇಕು. ಜಿಮ್‌ಗೆ ಹೋಗದಿದ್ದರೂ ಬಲದ ತರಬೇತಿ ಆಗಿಯೇ ಇರುತ್ತದೆ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಬೆಳೆದು ದಿನಕ್ಕೆ ಆರು ತಾಸು ಬೆಂಚಿನ ಮೇಲೆ, ಮತ್ತೆ ಮೂರು ತಾಸು ಕೋಚಿಂಗ್ ಕ್ಲಾಸಿನಲ್ಲಿ ಕೂರುವ ಹುಡುಗಿಗೆ ಆ ಬಲ ಎಲ್ಲಿಂದ ಬರಬೇಕು?

ಜಿಮ್‌ನಲ್ಲಿ ಏನು ಮಾಡಿಸಬೇಕು? ಟ್ರೇನರ್‌ಗೆ ಮೊದಲೇ ಹೇಳಿ, ಇವಳು ಓಟಗಾರ್ತಿ, ಇವತ್ತು ಎದೆ, ನಾಳೆ ಭುಜ, ನಾಳಿದ್ದು ಕಾಲು ಅನ್ನುವ ಲೆಕ್ಕ ಬೇಡ ಅಂತ. ಅದು ಮೈ ಕಟ್ಟುವವರಿಗೆ. ಓಟಗಾರರಿಗೆ ವಾರಕ್ಕೆ ಎರಡು ದಿನ, ಪ್ರತಿ ಸಲ ಇಡೀ ಮೈಗೆ, ಒಂದು ತಾಸಿನೊಳಗೆ. ಮುಖ್ಯ ವ್ಯಾಯಾಮ ಐದಾರು ಸಾಕು. ಭಾರ ಹಿಡಿದು ಬಸ್ಕಿ, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ಬಾರ್ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು, ಮೇಲ್ಭಾಗಕ್ಕೆ ದಂಡ ಮತ್ತು ಪುಲ್ ಅಪ್. ಮೊದಲ ಆರರಿಂದ ಎಂಟು ವಾರ ಹಗುರ ತೂಕದಲ್ಲಿ ಎಂಟರಿಂದ ಹತ್ತು ಸಲ, ಬರೀ ಕಲಿಯೋಕೆ. ಬರೀ ಬಾರ್ 20 ಕಿಲೋ ಇರುತ್ತದೆ, ಕೆಲವರಿಗೆ ಅದೇ ಮೊದಲಿಗೆ ಜಾಸ್ತಿ, ಆಗ ಒಂದು ಡಂಬೆಲ್ ಎದೆಗೆ ಹಿಡಿದು ಶುರು ಮಾಡಲಿ. ಬೆನ್ನು ಬಾಗದೆ, ಮೊಣಕಾಲು ಒಳಗೆ ಬೀಳದೆ ಬಸ್ಕಿ ಬಂದ ಮೇಲೆ ತೂಕ ಏರಿಸಿ ಐದೈದರಂತೆ ಮೂರು ಸೆಟ್. ಯಾವಾಗಲೂ ಇನ್ನೂ ಎರಡು ಮಾಡಬಹುದಿತ್ತು ಅನ್ನುವಾಗ ನಿಲ್ಲಿಸಬೇಕು. ನನ್ನ ಪ್ರಕಾರ ಒಂದು ವರ್ಷದಲ್ಲಿ ತನ್ನ ಮೈತೂಕದಷ್ಟು ಭಾರ ಹೊತ್ತು ಐದು ಚೆಂದದ ಬಸ್ಕಿ ಹೊಡೆದರೆ ಅದು ಒಳ್ಳೆಯ ಗುರಿ. ಅವಸರ ಬೇಡ.

ಒಂದು ವ್ಯಾಯಾಮವನ್ನು ಮಾತ್ರ ಬಿಡಲೇಬೇಡಿ. ನಾರ್ಡಿಕ್ ಅನ್ನುತ್ತಾರೆ. ಮಂಡಿಯೂರಿ ಕೂತು, ಯಾರಾದರೂ ಕಣಕಾಲು ಒತ್ತಿ ಹಿಡಿದಾಗ, ಮೈಯನ್ನು ನೆಟ್ಟಗೆ ಇಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತ ಹೋಗುವುದು, ಕೊನೆಗೆ ಕೈ ಊರುವುದು. ಮನೆಯಲ್ಲೇ ಚಾಪೆ ಹಾಸಿ ಮಾಡಬಹುದು, ನೀವೇ ಕಾಲು ಹಿಡಿಯಬಹುದು. ತೊಡೆಯ ಹಿಂದಿನ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿಯುವ ಸಂಭವ ಇದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ ಅಂತ ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ವಾರಕ್ಕೆ ಎರಡು ಸಲ, ನಾಲ್ಕೈದು ಬಾರಿ ಅಂತ ಶುರು ಮಾಡಿ. ಮೊದಲ ವಾರ ಚೆನ್ನಾಗಿ ನೋಯುತ್ತದೆ, ಹೆದರಬೇಡಿ. ರೇಸಿನ ವಾರ ಮಾತ್ರ ಹೊಸದಾಗಿ ಶುರು ಮಾಡಬೇಡಿ.

ಬರೀ ತೂಕ ಎತ್ತಿದರೂ ಸಾಲದು. ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಸ್ನಾಯು ತನ್ನ ಪೂರ್ತಿ ಬಲ ಹಾಕಲು ಅದರ ಮೂರು ಪಟ್ಟು ಸಮಯ ಬೇಕು. ಹಾಗಾಗಿ ಇರುವ ಬಲವನ್ನು ಥಟ್ಟನೆ ಹಾಕುವುದನ್ನೂ ಕಲಿಸಬೇಕು, ಅದಕ್ಕೆ ನೆಗೆತ. ಬಿಸಿ ಕಾವಲಿಗೆ ಬೆರಳು ತಾಗಿದಾಗ ಹೇಗೆ ಎಳೆದುಕೊಳ್ಳುತ್ತೇವೋ ಹಾಗೆ ಪಾದ ನೆಲ ತಾಗಿ ಏಳಬೇಕು. ಹಗ್ಗದ ಸ್ಕಿಪ್ಪಿಂಗ್, ಎರಡೂ ಕಾಲಲ್ಲಿ ಪುಟ್ಟ ಅಡೆತಡೆ ಹಾರೋದು, ಒಂಟಿ ಕಾಲಿನ ನೆಗೆತ. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಇದೆಲ್ಲ ಹೊಸತಲ್ಲ. ಒಂದು ದಿನಕ್ಕೆ ಎಲ್ಲ ಸೇರಿ ಎಂಬತ್ತು ನೂರು ಸಲ ಪಾದ ನೆಲಕ್ಕೆ ತಾಗಿದರೆ ಸಾಕು. ಎತ್ತರದ ಪೆಟ್ಟಿಗೆಯಿಂದ ಧುಮುಕಿ ಹಾರುವ ಡೆಪ್ತ್ ಜಂಪ್ ಈಗಲೇ ಬೇಡ. ಅದನ್ನು ರೂಪಿಸಿದ್ದು ಸೋವಿಯತ್ ಒಕ್ಕೂಟದ ವೆರ್ಖೊಶಾನ್ಸ್ಕಿ, ವರ್ಷಗಟ್ಟಲೆ ಬಲ ಕಟ್ಟಿಕೊಂಡ ದೊಡ್ಡವರಿಗೆ ಅದು.

ಓಟ ಮತ್ತು ತೂಕ ಒಂದೇ ದಿನ ಇಡಿ, ಓಟ ಮೊದಲು, ತೂಕ ಆಮೇಲೆ. ಬೆಳಿಗ್ಗೆ ಓಟ, ಸಂಜೆ ಜಿಮ್ ಆದರೂ ಸರಿ. ಮಾರನೇ ದಿನ ನಿಜವಾಗಿ ಹಗುರ ಇರಲಿ. ದಿನಾ ಸ್ವಲ್ಪ ಸ್ವಲ್ಪ ಕಷ್ಟ ಕೊಟ್ಟರೆ ಮೈಗೆ ಚೇತರಿಸಿಕೊಳ್ಳಲು ದಿನವೇ ಸಿಗುವುದಿಲ್ಲ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದೂವರೆ ಗ್ರಾಮಿನಷ್ಟು ಪ್ರೋಟೀನು ಬೇಕು, 50 ಕಿಲೋ ಹುಡುಗಿಗೆ 75 ಗ್ರಾಂ. ಮೊಟ್ಟೆ, ಬಂಗುಡೆ, ಮೊಸರು, ಉಸಳ್, ಶೇಂಗಾ, ಇದನ್ನೆಲ್ಲ ದಿನದ ಮೂರು ನಾಲ್ಕು ಊಟಕ್ಕೆ ಹಂಚಿದರೆ ಆಗುತ್ತದೆ. ಪ್ರಾಕ್ಟೀಸ್ ಮುಗಿಸಿ ಬರೀ ವಡಾಪಾವ್ ತಿಂದು ಕ್ಲಾಸಿಗೆ ಓಡೋದು ಮಾತ್ರ ನಿಲ್ಲಿಸಿ. ಜಿಮ್‌ನಲ್ಲಿ ಯಾರಾದರೂ ಹೆಸರಿಲ್ಲದ ಪುಡಿ, ಗುಳಿಗೆ ಕೊಟ್ಟರೆ ಮುಟ್ಟಬಾರದು. ಡೋಪಿಂಗ್ ನಿಯಮದಲ್ಲಿ ಗೊತ್ತಿಲ್ಲದೆ ತಿಂದೆ ಅಂದರೂ ಹೊಣೆ ಓಟಗಾರರದೇ, 18 ದಾಟದ ಮಕ್ಕಳನ್ನೂ ಪರೀಕ್ಷೆ ಮಾಡಬಹುದು.

ಇದಕ್ಕಿಂತ ಮುಖ್ಯವಾದ್ದು ಒಂದಿದೆ, ಮನೆಯ ಹೆಂಗಸರು ಅವಳ ಹತ್ತಿರ ಕೂತು ಕೇಳಬೇಕು. ಮುಟ್ಟು ಸರಿಯಾಗಿ ಬರುತ್ತಿದೆಯಾ? ಮೂರು ತಿಂಗಳು ನಿಂತಿದ್ದರೆ ಪ್ರಾಕ್ಟೀಸ್ ಚೆನ್ನಾಗಿದೆ ಅಂತಲ್ಲ, ಓಟಕ್ಕೆ ತಕ್ಕ ಊಟ ಸಿಗುತ್ತಿಲ್ಲ ಅಂತ ಅರ್ಥ ಇರಬಹುದು. ಡಾಕ್ಟರ್ ಹತ್ತಿರ ಹೋಗಬೇಕು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಅದನ್ನೂ ಒಮ್ಮೆ ನೋಡಿಸಿ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ, ಓಡುವ ಹುಡುಗಿಯರಲ್ಲಿ ಇದು ತುಂಬ ಸಾಮಾನ್ಯ. ನಿದ್ದೆ ಈ ವಯಸ್ಸಿಗೆ ಎಂಟು ತಾಸಾದರೂ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದರೆ ಆರರಲ್ಲಿ ಎರಡು ಬೆಳಿಗ್ಗೆ ಪ್ರಾಕ್ಟೀಸ್ ತಪ್ಪಿಸಿ ಮಲಗಲಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕೊನೆಗೆ ಮಳೆ. ಮುಂಬೈ ಕಡೆ ಜೂನ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಮೈದಾನ ಕೈಗೆ ಸಿಗುವುದಿಲ್ಲ. ತೂಕ ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಈ ನಾಲ್ಕು ತಿಂಗಳು ಪೂರ್ತಿ ಜೋರಿನ ಓಟವನ್ನು ಬಿಟ್ಟೇಬಿಟ್ಟು, ಮೈದಾನ ಒಣಗಿದ ಮೊದಲ ದಿನವೇ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಬೂಟು) ಹಾಕಿ 60 ಮೀಟರ್ ಹಾರಿ ಓಡಿದರೆ ಹ್ಯಾಮ್‌ಸ್ಟ್ರಿಂಗ್ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಇಂಥ ಮಕ್ಕಳು ನನ್ನ ಹತ್ತಿರ ಸಾಲಾಗಿ ಬರುತ್ತಾರೆ. ಆದ್ದರಿಂದ ಮಳೆಯಲ್ಲೂ ವಾರಕ್ಕೆ ಎರಡು ದಿನ ಎಲ್ಲಾದರೂ ಒಣ ಜಾಗ ಹುಡುಕಿ. ಸೊಸೈಟಿಯ ಕೆಳಗಿನ ಪಾರ್ಕಿಂಗ್‌ನಲ್ಲಿ 15 ಮೀಟರ್ ಓಡಿ, ಮುಂದೆ ಹತ್ತು ಮೀಟರ್ ನಿಧಾನಿಸಲು ಜಾಗ ಇದ್ದರೆ ಸ್ಟಾರ್ಟ್ ಅಭ್ಯಾಸ ನಡೆಯುತ್ತದೆ. ಕಾಂಕ್ರೀಟ್ ಗಟ್ಟಿ, ಹಾಗಾಗಿ ದಪ್ಪ ಅಡಿಯ ಬೂಟು, ಆರೇಳು ಓಟ, ಅಷ್ಟೆ. ಒಣಗಿದ ಮೆಟ್ಟಿಲಿದ್ದರೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಲಿ, ಕೆಳಗೆ ನಡೆದು ಬರಲಿ. ಒದ್ದೆ ಟೈಲ್ಸ್ ಮೇಲೆ ಬೇಡವೇ ಬೇಡ. ಜುಹೂ ಮರಳಲ್ಲಿ ಓಡಿಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಕಾಲಿಗೆ ಬಲ ಬರುತ್ತದೆ, ಆದರೆ ಮರಳಲ್ಲಿ ಪಾದ ಹೂತು ನೆಲದ ಮೇಲೆ ಜಾಸ್ತಿ ಹೊತ್ತು ಉಳಿಯುತ್ತದೆ, ಆದ್ದರಿಂದ ಅದನ್ನು ವೇಗದ ತರಬೇತಿ ಅಂತ ಲೆಕ್ಕ ಹಾಕಬೇಡಿ.

ಮೈದಾನಕ್ಕೆ ಮರಳಿದ ಮೊದಲ ವಾರ ನೂರಕ್ಕೆ ಎಂಬತ್ತು ಪಾಲು ವೇಗದಲ್ಲಿ ಮೆಲ್ಲಗೆ ಏರುವ 60 ಮೀಟರ್ ಓಟ ನಾಲ್ಕೈದು, ಎರಡನೇ ವಾರ ತೊಂಬತ್ತು ಪಾಲು, ಮೂರನೇ ವಾರ ಪೂರ್ತಿ ಜೋರು, ಸ್ಪೈಕ್ಸ್ ಆಗಲೇ ಹಾಕಲಿ. ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯ ಒಳಭಾಗದಲ್ಲಿ ನೋವು ಶುರುವಾದರೆ ಎರಡು ಮೂರು ದಿನ ನೆಗೆತ ನಿಲ್ಲಿಸಿ, ಹುಲ್ಲಿನ ಮೇಲೆ ಮಾತ್ರ ಓಡಿಸಿ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವಿದ್ದರೆ ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಈ ವಾರವೇ 30 ಮೀಟರ್ ಸಮಯ ಒಂದು ಸಲ ತೆಗೆದು ಬರೆದಿಡಿ. ಮೈದಾನಕ್ಕೆ ಮರಳಿದ ಮೂರನೇ ವಾರ ಅದೇ ಬೂಟು, ಅದೇ ಮೊಬೈಲಿನಲ್ಲಿ ಮತ್ತೆ ತೆಗೆಯಿರಿ. ಎರಡನ್ನೂ ವಿಡಿಯೋ ಜೊತೆಗೆ ನನಗೆ ಕಳಿಸಿದರೆ ಸ್ಟಾರ್ಟ್ ನಿಧಾನವೋ, ಕೊನೆಯ ವೇಗ ಸಾಲದೋ ನೋಡಿ ಮುಂದಿನ ಹಂತ ಬರೆದು ಕೊಡುತ್ತೇನೆ.